ಪ್ಯಾಕೆಟ್ ಮುಂದೆ ಸ್ಟಾರ್ ಬೇಕಾ, ಎಚ್ಚರಿಕೆ ಬೇಕಾ? ತಿಂಡಿ ಪೊಟ್ಟಣದ ಚಿಹ್ನೆಗಳ ಗೊಂದಲ

2025ರ ಜುಲೈನಲ್ಲಿ ಒಂದು ಸುದ್ದಿ ಜೋರಾಗಿ ಓಡಾಡ್ತು. ಸಮೋಸ, ಜಿಲೇಬಿ, ಲಡ್ಡುಗೂ ಇನ್ಮೇಲೆ ಸಿಗರೇಟ್ ಪ್ಯಾಕಿನ ತರ ಎಚ್ಚರಿಕೆ ಹಾಕ್ತಾರಂತೆ ಅಂತ. ಟೀವಿಯಲ್ಲಿ ಚರ್ಚೆ, ವಾಟ್ಸಾಪಲ್ಲಿ ಜೋಕು, ನಮ್ಮ ತಿಂಡಿಗೆ ಕೈ ಹಾಕೋಕೆ ಇವರ್ಯಾರು ಅಂತ ಸಿಟ್ಟು, ಎಲ್ಲಾ ಆಯ್ತು. ಆಮೇಲೆ ಕೇಂದ್ರ ಸರ್ಕಾರ ಹಾಗೇನೂ ಇಲ್ಲ ಅಂತ ಸ್ಪಷ್ಟನೆ ಕೊಡ್ತು. ಆದ್ರೆ ಅದೇ ತಿಂಗಳು ಸುಪ್ರೀಂ ಕೋರ್ಟಲ್ಲಿ ಪ್ಯಾಕೆಟ್ ತಿಂಡಿ ಮೇಲೆ ಎಚ್ಚರಿಕೆ ಹಾಕೋ ವಿಷಯ ನಿಜವಾಗ್ಲೂ ನಡೀತಿತ್ತು, ಹಾಗಾಗಿ ಯಾವುದು ಸುಳ್ಳು ಯಾವುದು ನಿಜ ಅಂತ ಬಹಳ ಜನಕ್ಕೆ ಇವತ್ತಿಗೂ ಗೊತ್ತಾಗಿಲ್ಲ.

ಎರಡು ಸುದ್ದಿ, ಒಂದೇ ಕಲಸುಮೇಲೋಗರ

ಆರೋಗ್ಯ ಇಲಾಖೆ ಹೇಳಿದ್ದು ಇಷ್ಟೇ: ಸರ್ಕಾರಿ ಕಚೇರಿ, ಸಂಸ್ಥೆಗಳಲ್ಲಿ ಎಣ್ಣೆ ಮತ್ತು ಸಕ್ಕರೆ ಬಗ್ಗೆ ಬೋರ್ಡ್ ಹಾಕಿ, ಯಾವ ತಿಂಡಿಯಲ್ಲಿ ಎಷ್ಟಿದೆ ಅಂತ ಸಿಬ್ಬಂದಿಗೆ ಗೊತ್ತಾಗ್ಲಿ ಅಂತ. ಅದು ಸಲಹೆ, ಕಾನೂನಲ್ಲ. ಬೀದಿ ಬದಿ ಅಂಗಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ಸುಪ್ರೀಂ ಕೋರ್ಟಿನ ವಿಷಯ ಬೇರೆ. ಅಲ್ಲಿದ್ದಿದ್ದು ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಕಾರ್ಖಾನೆಯಿಂದ ಪ್ಯಾಕ್ ಆಗಿ ಬರೋ ಆಹಾರದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಬಗ್ಗೆ ಎಚ್ಚರಿಕೆ ಕಡ್ಡಾಯ ಮಾಡಿ ಅಂತ ಕೇಳಿದ್ದು. 2025ರ ಏಪ್ರಿಲ್‌ನಲ್ಲಿ ಕೋರ್ಟು ತಜ್ಞರ ಸಮಿತಿಗೆ ಮೂರು ತಿಂಗಳಲ್ಲಿ ಶಿಫಾರಸು ಕೊಡಿ ಅಂತ ಹೇಳ್ತು. ಜುಲೈ ಬಂತು, ಸರ್ಕಾರ ಟೈಮ್ ಸಾಲಲ್ಲ ಅಂತು, ಇನ್ನೂ ಮೂರು ತಿಂಗಳು ಸಿಕ್ತು. ಎಚ್ಚರಿಕೆ ಬದಲು ಪ್ಯಾಕೆಟ್ ಮುಂದೆ ಸ್ಟಾರ್ ಹಾಕೋ ಕರಡು ನಿಯಮದ ಮೇಲೆ 14 ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬಂದಿದೆ ಅನ್ನೋದು ಸರ್ಕಾರ ಕೊಟ್ಟ ಕಾರಣ. ಅಷ್ಟೊಂದು ಅಭಿಪ್ರಾಯ ಬರೋಕೆ ಇದರಲ್ಲೇನಿದೆ, ಒಂದು ಸಣ್ಣ ಚಿಹ್ನೆ ತಾನೆ ಅಂತ ಅನ್ನಿಸಬಹುದು. ಆದ್ರೆ ಆ ಚಿಹ್ನೆ ಯಾವ ಪ್ರಶ್ನೆಗೆ ಉತ್ತರ ಕೊಡ್ಬೇಕು ಅನ್ನೋದೇ ಇಲ್ಲಿ ಜಗಳ, ಅದು ಗೊತ್ತಾಗ್ಬೇಕಂದ್ರೆ ಈಗಾಗ್ಲೇ ಪ್ಯಾಕೆಟ್ ಮೇಲಿರೋ ಚಿಹ್ನೆಗಳು ಯಾವ ಪ್ರಶ್ನೆಗೆ ಉತ್ತರ ಕೊಡ್ತಿವೆ ಅಂತ ಮೊದಲು ನೋಡ್ಬೇಕು.

ಹಸಿರು ಚುಕ್ಕೆ ಒಳಗಡೆ

ನಮ್ಮ ದೇಶದಲ್ಲಿ ಅತಿ ಹೆಚ್ಚು ಜನಕ್ಕೆ ಗೊತ್ತಿರೋ ಆಹಾರದ ಚಿಹ್ನೆ ಅಂದ್ರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಓದು ಬರಹ ಬಾರದವರೂ ಅದನ್ನ ನೋಡಿ ಪ್ಯಾಕೆಟ್ ತಗೋತಾರೆ. 2000, 2001ರ ಹೊತ್ತಿಗೆ ಕಡ್ಡಾಯ ಆಗಿದ್ದು ಇದು. ಮೊದಲು ಮಾಂಸಾಹಾರಕ್ಕೂ ಚುಕ್ಕೆಯೇ ಇತ್ತು, ಕಂದು ಬಣ್ಣದ್ದು. ಆದ್ರೆ ಕೆಂಪು ಹಸಿರು ವ್ಯತ್ಯಾಸ ಕಾಣದ ಬಣ್ಣಗುರುಡು ಇರೋರಿಗೆ ಎರಡೂ ಒಂದೇ ತರ ಕಾಣುತ್ತೆ, ಆಕಾರನೂ ಒಂದೇ, ಅಂದ್ಮೇಲೆ ಅವರಿಗೆ ಆ ಚಿಹ್ನೆ ಇದ್ರೂ ಇಲ್ಲದಂಗೇ. ಅದಕ್ಕೇ 2020ರ ಲೇಬಲಿಂಗ್ ನಿಯಮದಲ್ಲಿ ಮಾಂಸಾಹಾರದ ಚುಕ್ಕೆನ ತ್ರಿಕೋನ ಮಾಡಿದ್ರು. ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ಬಹಳ ಒಳ್ಳೆ ಬದಲಾವಣೆ ಇದು, ಪ್ರಚಾರ ಮಾತ್ರ ಸಿಗಲೇ ಇಲ್ಲ, ತ್ರಿಕೋನ ನೋಡಿ ಇದೇನು ಹೊಸ ಕಂಪನಿ ಮಾರ್ಕಾ ಅಂತ ಅಂದ್ಕೊಳ್ಳೋರು ಈಗ್ಲೂ ಇದಾರೆ.

ಈ ಚುಕ್ಕೆ ಉತ್ತರ ಕೊಡೋ ಪ್ರಶ್ನೆ ಒಂದೇ: ಇದರಲ್ಲಿ ಪ್ರಾಣಿಮೂಲದ್ದು ಏನಾದ್ರೂ ಇದೆಯಾ? ಅದಕ್ಕೂ ಪೂರ್ತಿ ಉತ್ತರ ಅಲ್ಲ, ಯಾಕಂದ್ರೆ ಕಾನೂನಿನ ವ್ಯಾಖ್ಯಾನದಲ್ಲೇ ವಿನಾಯ್ತಿಗಳಿವೆ. ಮೊಟ್ಟೆ ಮಾಂಸಾಹಾರ. ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ ಇವೆಲ್ಲ ಸಸ್ಯಾಹಾರ. ಅರಗು ಕೂಡ ಸಸ್ಯಾಹಾರದ ಲೆಕ್ಕಕ್ಕೇ ಬರುತ್ತೆ. ಅರಗಿನ ಹುಳ ಸ್ರವಿಸೋ ಅಂಟು ಅದು, ಮಿಠಾಯಿ, ಚಾಕಲೇಟ್ ಗುಂಡುಗಳಿಗೆ ಹೊಳಪು ಬರೋಕೆ ಹಾಕ್ತಾರೆ, ಪ್ಯಾಕೆಟ್ ಹಿಂದೆ 904 ಅಂತ ನಂಬರ್ ಇದ್ರೆ ಅದೇ. ಆದ್ರೆ ಹುಳಾನೇ ಒಣಗಿಸಿ ತೆಗೆಯೋ ಕೆಂಪು ಬಣ್ಣ ಇದೆಯಲ್ಲ, 120ನೇ ನಂಬರಿನದು, ಅದು ಮಾಂಸಾಹಾರ. ಹೊಳಪಿನ ಹುಳ ಸಸ್ಯಾಹಾರ, ಬಣ್ಣದ ಹುಳ ಮಾಂಸಾಹಾರ. ವ್ಯಾಖ್ಯಾನ ಅಂದ್ರೆ ಹೀಗೇ, ಎಲ್ಲೋ ಒಂದು ಕಡೆ ಗೆರೆ ಎಳೀಬೇಕು, ಎಳೆದಿದ್ದಾರೆ.

ಇನ್ನೂ ತಲೆನೋವಿನದು 631. ರುಚಿ ಹೆಚ್ಚಿಸೋಕೆ ನೂಡಲ್ಸ್ ಮಸಾಲೆ, ಚಿಪ್ಸ್ ಇಂಥದಕ್ಕೆಲ್ಲ ಹಾಕೋ ವಸ್ತು. ಇದನ್ನ ಮೀನು, ಮಾಂಸದಿಂದನೂ ತೆಗೀಬಹುದು, ಮರಗೆಣಸಿನ ಪಿಷ್ಟ ಹುದುಗಿಸಿಯೂ ಮಾಡಬಹುದು, ನಂಬರ್ ಮಾತ್ರ ಒಂದೇ. ಬರೀ ನಂಬರ್ ನೋಡಿದ್ರೆ ಮೂಲ ಗೊತ್ತಾಗಲ್ಲ. ಇದೇ ವಿಷಯ 2021ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯ್ತು, ಪದಾರ್ಥದ ಹೆಸರು ಅಥವಾ ಕೋಡ್ ಬರೆದ್ರೆ ಸಾಲದು, ಅದು ಗಿಡದಿಂದ ಬಂದಿದ್ದಾ ಪ್ರಾಣಿಯಿಂದ ಬಂದಿದ್ದಾ ಅಂತಾನೂ ಹೇಳ್ಬೇಕು, ಎಷ್ಟು ಕಡಿಮೆ ಪ್ರಮಾಣ ಇದ್ರೂ ಸರಿ, ಅಂತ ಕೋರ್ಟು ಹೇಳ್ತು. ತಿನ್ನೋನ ನಂಬಿಕೆಗೆ ಸಂಬಂಧಪಟ್ಟ ವಿಷಯ ಇದು, ಪ್ರಮಾಣ ಕಡಿಮೆ ಅನ್ನೋದು ನೆಪ ಆಗಲ್ಲ ಅನ್ನೋದು ಅದರ ತಿರುಳು. ಹಾಲು, ಜೇನೂ ಬೇಡ ಅನ್ನೋರಿಗೆ ಅಂತ 2022ರ ವೀಗನ್ ನಿಯಮದಲ್ಲಿ ಬೇರೆ ಲೋಗೋ ಬಂದಿದೆ, ವಿ ಅಕ್ಷರ ಮತ್ತು ಎಲೆ ಇರೋದು.

ಈಗ ಈ ಪ್ರಶ್ನೆ ಕೇಳಿ: ಒಂದು ಸಿಹಿ ಸೋಡಾ ಬಾಟಲಿ ಮೇಲೆ ಯಾವ ಚಿಹ್ನೆ ಇರುತ್ತೆ? ಹಸಿರು ಚುಕ್ಕೆ. ಕೋಲಾದಲ್ಲಿ 100 ಮಿಲಿಗೆ ಸುಮಾರು 10-11 ಗ್ರಾಂ ಸಕ್ಕರೆ, 250 ಮಿಲಿ ಕುಡಿದ್ರೆ ಐದಾರು ಟೀ ಚಮಚದಷ್ಟು. ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ, ಅದು ಒಂದೇ ಬಾಟಲಿಗೆ ಮುಗೀತು. ಚುಕ್ಕೆ ಸುಳ್ಳು ಹೇಳಿಲ್ಲ, ಅದನ್ನ ಸಕ್ಕರೆ ಬಗ್ಗೆ ಯಾರೂ ಕೇಳಿಲ್ಲ ಅಷ್ಟೇ.

ಹಸಿರು ಅಂದ್ರೆ ಒಳ್ಳೇದು ಅಂದವರ್ಯಾರು

ಬಣ್ಣಕ್ಕೆ ತನ್ನದೇ ಅರ್ಥ ಇದೆ ಅಂತ ನಾವು ಅಂದ್ಕೋತೀವಿ. ಹಸಿರು ಸೇಫು, ಕೆಂಪು ಡೇಂಜರು. ಆದ್ರೆ ಒಂದೊಂದು ಕ್ಷೇತ್ರದಲ್ಲಿ ಒಂದೊಂದು ಅರ್ಥ.

ಗೊಬ್ಬರದಂಗಡಿಗೆ ಹೋಗಿ ಕೀಟನಾಶಕದ ಡಬ್ಬಿ ನೋಡಿ. ಓರೆಯಾಗಿ ನಿಲ್ಲಿಸಿದ ಚೌಕ, ಅದರಲ್ಲಿ ಎರಡು ತ್ರಿಕೋನ, ಕೆಳಗಿನದಕ್ಕೆ ಬಣ್ಣ. ಕೆಂಪು ಇದ್ರೆ ಅತಿ ಘೋರ ವಿಷ, ತಲೆಬುರುಡೆನೂ ಇರುತ್ತೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮದಲ್ಲಿ ಬಂದ ಲೆಕ್ಕ ಇದು, ಬಾಯಿಂದ ಹೊಟ್ಟೆಗೆ ಹೋದ್ರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯೋಕೆ ದೇಹದ ಪ್ರತಿ ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಅಂತ ಅಳೆದು ಮಾಡಿದ್ದು. 50 ಮಿಲಿಗ್ರಾಂವರೆಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕಿಂತ ಜಾಸ್ತಿ ಬೇಕಾದ್ರೆ ಹಸಿರು. ಇಲ್ಲಿ ಹಸಿರು ಅಂದ್ರೆ ವಿಷ ಅಲ್ಲ ಅಂತ ಅಲ್ಲವೇ ಅಲ್ಲ, ನಾಲ್ಕರಲ್ಲಿ ಕಡಿಮೆ ವಿಷ ಅಂತ. ಆದ್ರೆ ಬಿಸ್ಕತ್ ಪ್ಯಾಕೆಟ್ಟಲ್ಲಿ ಹಸಿರು ನೋಡಿ ಅಭ್ಯಾಸ ಆದ ಕಣ್ಣಿಗೆ ಹೊಲದಲ್ಲಿ ಹಸಿರು ತ್ರಿಕೋನ ಕಂಡ್ರೆ ಇದು ಸಾವಯವ ಔಷಧಿ ಅಂತ ಅನ್ನಿಸಿದ್ರೆ ಆಶ್ಚರ್ಯ ಇಲ್ಲ, ಮಾಸ್ಕ್ ಇಲ್ಲದೆ ಗ್ಲೌಸ್ ಇಲ್ಲದೆ ಸಿಂಪಡಿಸೋಕೆ ಅದೂ ಒಂದು ನೆಪ.

ಮೆಡಿಕಲ್ ಶಾಪಲ್ಲಿ ಮಾತ್ರೆ ಪಟ್ಟಿ ಮೇಲಿನ ಕೆಂಪು ಗೆರೆದು ಇನ್ನೊಂದು ಕತೆ. ಆ ಗೆರೆ ಇದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು, ಕೊಳ್ಳಬಾರದು ಅಂತ ಅರ್ಥ, ಮಾತ್ರೆ ಅಪಾಯಕಾರಿ ಅಂತಲ್ಲ. ಇನ್ನು ಟೂತ್‌ಪೇಸ್ಟ್ ಟ್ಯೂಬಿನ ತುದಿಯಲ್ಲಿರೋ ಬಣ್ಣದ ಪಟ್ಟಿ ಬಗ್ಗೆ ವಾಟ್ಸಾಪಲ್ಲಿ ವರ್ಷಕ್ಕೊಂದ್ಸಲ ಬರೋ ಮೆಸೇಜು ಗೊತ್ತಲ್ಲ, ಹಸಿರಾದ್ರೆ ನೈಸರ್ಗಿಕ, ಕಪ್ಪಾದ್ರೆ ಪೂರ್ತಿ ಕೆಮಿಕಲ್ ಅಂತ, ಅದು ಶುದ್ಧ ಸುಳ್ಳು. ಟ್ಯೂಬನ್ನ ಎಲ್ಲಿ ಕತ್ತರಿಸ್ಬೇಕು, ಮಡಚ್ಬೇಕು ಅಂತ ಯಂತ್ರದ ಸೆನ್ಸರಿಗೆ ತೋರಿಸೋ ಗುರುತು ಅದು. ನಮಗೆ ಅಂತ ಹಾಕಿದ್ದೇ ಅಲ್ಲ. ಅರ್ಥ ಇಲ್ಲದ ಕಡೆನೂ ಜನ ಅರ್ಥ ಹುಡುಕ್ತಾರೆ ಅಂದ್ರೆ, ಅರ್ಥ ಸಿಗೋ ಕಡೆ ಸರಿಯಾಗಿ ಸಿಗ್ತಿಲ್ಲ ಅಂತಾನೇ.

ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಲೋಗೋ ಕೂಡ ಹಾಗೇ ಮೋಸ ಹೋಗೋ ಜಾಗ. ಅದಿದ್ರೆ ಸರ್ಕಾರ ಪರೀಕ್ಷೆ ಮಾಡಿ ಒಳ್ಳೇದು ಅಂತ ಸರ್ಟಿಫಿಕೇಟ್ ಕೊಟ್ಟಿದೆ ಅಂತ ಬಹಳ ಜನ ನಂಬಿದ್ದಾರೆ. ಲೋಗೋ ಕೆಳಗಿನ 14 ಅಂಕಿ ಲೈಸೆನ್ಸ್ ನಂಬರ್ ಅಷ್ಟೇ, ಮೊದಲ ಅಂಕಿ 1 ಇದ್ರೆ ಲೈಸೆನ್ಸು, 2 ಇದ್ರೆ ಸಣ್ಣ ವ್ಯಾಪಾರಿಯ ನೋಂದಣಿ, ಮುಂದಿನ ಎರಡು ಅಂಕಿ ರಾಜ್ಯದ್ದು. ಯಾರು ಮಾಡಿದ್ದು ಅಂತ ಹಿಡಿಯೋಕೆ ಅದು ಬೇಕು. ಒಳಗಿನ ಮಾಲು ಆರೋಗ್ಯಕ್ಕೆ ಒಳ್ಳೇದಾ ಅಂತ ಹೇಳೋಕಲ್ಲ.

ಹಿಂದುಗಡೆ ಎಲ್ಲಾ ಬರೆದಿದೆಯಲ್ಲ?

ಕಂಪನಿಗಳ ಮೊದಲ ವಾದ ಇದು. ಪೌಷ್ಟಿಕಾಂಶದ ಪಟ್ಟಿ ಪ್ಯಾಕೆಟ್ ಹಿಂದೆ ಇದ್ದೇ ಇದೆ, ಬೇಕಾದವರು ಓದ್ಲಿ. ಸರಿ, ಓದಿ ನೋಡೋಣ. ಒಂದು ಮಿಕ್ಸ್ಚರ್ ಪ್ಯಾಕೆಟ್ಟಲ್ಲಿ 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ ಅಂತ ಇದೆ ಅಂದ್ಕೊಳ್ಳಿ. ಇದು ಜಾಸ್ತಿನಾ ಕಡಿಮೆನಾ? ಮೊದಲು ಸೋಡಿಯಂ ಅಂದ್ರೆ ಉಪ್ಪಲ್ಲ, ಉಪ್ಪಿನ ಒಂದು ಭಾಗ ಅಂತ ಗೊತ್ತಿರ್ಬೇಕು. ಎರಡೂವರೆಯಿಂದ ಗುಣಿಸಿದ್ರೆ ಉಪ್ಪು, ಅಂದ್ರೆ 2 ಗ್ರಾಂ. ಆಮೇಲೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ಬೇಕು ಅಂತ ಗೊತ್ತಿರ್ಬೇಕು. ಆಮೇಲೆ ಪ್ಯಾಕೆಟ್ಟಲ್ಲಿ ಎಷ್ಟು ಗ್ರಾಂ ಇದೆ ನೋಡಿ ಲೆಕ್ಕ ಹಾಕ್ಬೇಕು, 200 ಗ್ರಾಂ ಪ್ಯಾಕೆಟ್ ಇಬ್ಬರು ಖಾಲಿ ಮಾಡಿದ್ರೆ ಒಬ್ಬೊಬ್ಬರಿಗೆ ದಿನದ ಉಪ್ಪಲ್ಲಿ ನೂರಕ್ಕೆ 40 ಭಾಗ ಸಂಜೆ ಕಾಫಿ ಜೊತೆಗೇ ಆಯ್ತು. ಅಂಗಡಿ ಮುಂದೆ ನಿಂತು, ಮಗು ಕೈ ಎಳೀತಿರುವಾಗ, ಈ ಲೆಕ್ಕ ಯಾರು ಹಾಕ್ತಾರೆ?

ಹಾಕದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಅಂಕಿ ಇದೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆಲ್ಲ ಪ್ಯಾಕೆಟ್ ತಿಂಡಿ ಒಂದೇ ಕಾರಣ ಅಂತ ಯಾರೂ ಹೇಳ್ತಿಲ್ಲ, ಮೂರು ಹೊತ್ತು ಅನ್ನನೇ ಊಟ, ಕೂತಲ್ಲೇ ಕೆಲಸ, ಎಲ್ಲಾ ಸೇರಿದೆ. ಆದ್ರೆ ಅದರಲ್ಲಿ ಕಾನೂನು ಸುಲಭವಾಗಿ ಕೈಯಿಡಬಹುದಾದ ಜಾಗ ಅಂದ್ರೆ ಪ್ಯಾಕೆಟ್ಟೇ.

ಸ್ಟಾರ್ ಹೇಗೆ ಬಂತು

ಮುಂಭಾಗದಲ್ಲಿ ಏನಾದ್ರೂ ಹಾಕ್ಬೇಕು ಅನ್ನೋ ಮಾತು ಶುರುವಾಗಿ ಹತ್ತು ವರ್ಷದ ಮೇಲಾಯ್ತು. ಎಫ್‌ಎಸ್‌ಎಸ್‌ಎಐನ 2018ರ ಕರಡಿನಲ್ಲಿ ಮಿತಿ ಮೀರಿದ ಕೊಬ್ಬು, ಸಕ್ಕರೆ, ಉಪ್ಪಿಗೆ ಕೆಂಪು ಬಣ್ಣ ಹಾಕಿ ಅಂತ ಇತ್ತು. ಕಂಪನಿಗಳು ಗಲಾಟೆ ಮಾಡಿದ್ವು, ಜಾರಿಗೆ ಬರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಕರಡಿನಲ್ಲಿ ಕೆಂಪು ಹೋಗಿ ಸ್ಟಾರ್ ಬಂದಿತ್ತು. ಅರ್ಧ ಸ್ಟಾರಿಂದ ಐದು ಸ್ಟಾರ್‌ವರೆಗೆ. ಅಹಮದಾಬಾದಿನ ಐಐಎಂ ಮಾಡಿದ ಸಮೀಕ್ಷೆಯ ಆಧಾರ ಕೊಟ್ಟಿದ್ರು. ಕಡ್ಡಾಯ ಆಗೋ ಮೊದಲು ನಾಲ್ಕು ವರ್ಷ ಇಷ್ಟ ಇದ್ದೋರು ಮಾತ್ರ ಹಾಕ್ಬಹುದು ಅಂತಾನೂ ಇತ್ತು.

ಸ್ಟಾರ್ ಲೆಕ್ಕ ಹೀಗೆ: ಕ್ಯಾಲೊರಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತಾಳೆ ಎಣ್ಣೆ ತರದ್ದರಲ್ಲಿ ಹೆಚ್ಚಿರೋ ಕೊಬ್ಬು), ಸೋಡಿಯಂ ಇವಕ್ಕೆ ಕೆಟ್ಟ ಅಂಕ, ಹಣ್ಣು, ತರಕಾರಿ, ಕಾಳು, ಸಿರಿಧಾನ್ಯ, ನಾರು, ಪ್ರೋಟೀನ್ ಇವಕ್ಕೆ ಒಳ್ಳೆ ಅಂಕ, ಕೂಡಿ ಕಳೆದು ಬಂದದ್ದು ಸ್ಟಾರು. ಸಮಸ್ಯೆ ಇರೋದು ಆ ಕಳೆಯೋದ್ರಲ್ಲೇ. ಸಕ್ಕರೆ ತುಂಬಿದ ಬಿಸ್ಕತ್ತಿಗೆ ಒಂದಿಷ್ಟು ನಾರು, ಒಂದಿಷ್ಟು ಪ್ರೋಟೀನ್ ಪುಡಿ, ಒಂದು ಹಿಡಿ ರಾಗಿ ಸೇರಿಸಿದ್ರೆ ಸ್ಟಾರ್ ಏರುತ್ತೆ, ಸಕ್ಕರೆ ಮಾತ್ರ ಇದ್ದಷ್ಟೇ ಇರುತ್ತೆ. ಶುಗರ್ ಇರೋ ಮನುಷ್ಯನಿಗೆ ಬೇಕಾಗಿರೋದು ಸರಾಸರಿ ಅಲ್ಲ, ಇದರಲ್ಲಿ ಸಕ್ಕರೆ ಜಾಸ್ತಿ ಇದೆಯೋ ಇಲ್ವೋ ಅಂತ.

ಇನ್ನೊಂದು ತೊಂದರೆ ಚಿಹ್ನೆಯದ್ದೇ. ನಮ್ಮ ದೇಶದಲ್ಲಿ ಸ್ಟಾರ್ ಅಂದ್ರೆ ಈಗಾಗ್ಲೇ ಒಂದು ಅರ್ಥ ಕೂತುಬಿಟ್ಟಿದೆ. ಫ್ರಿಜ್ಜು, ಏಸಿ ಮೇಲೆ 2006ರಿಂದ ಬಂದ ವಿದ್ಯುತ್ ಉಳಿತಾಯದ ಸ್ಟಾರು, ಹೋಟೆಲ್ ಸ್ಟಾರು, ಡೆಲಿವರಿ ಆಪ್‌ನಲ್ಲಿ ಕೊಡೋ ಸ್ಟಾರು. ಎಲ್ಲಾ ಕಡೆನೂ ಸ್ಟಾರ್ ಅಂದ್ರೆ ಹೊಗಳಿಕೆ. ಎರಡು ಸ್ಟಾರ್ ಇದ್ರೂ ಅದು ಪರವಾಗಿಲ್ಲ, ಇನ್ನೊಂದು ಚೂರು ಚೆನ್ನಾಗಿರ್ಬಹುದಿತ್ತು ಅನ್ನೋ ಭಾವನೆ ಕೊಡುತ್ತೆ, ತಿನ್ನಬೇಡ ಅಂತ ಹೇಳಲ್ಲ. ಸ್ಟಾರಿಗೆ ಬೈಯೋಕೆ ಬರಲ್ಲ ಅನ್ನೋದೇ ಅದರ ದೊಡ್ಡ ಕೊರತೆ, ಕಂಪನಿಗಳಿಗೆ ಅದು ಇಷ್ಟ ಆಗೋಕೂ ಅದೇ ಕಾರಣ ಇರ್ಬೇಕು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 2014ರಿಂದ ಈ ಸ್ಟಾರ್ ಇದೆ, ಇಷ್ಟ ಇದ್ದೋರು ಹಾಕ್ಬಹುದು ಅನ್ನೋ ನಿಯಮದಲ್ಲಿ. ಹೆಚ್ಚು ಸ್ಟಾರ್ ಬಂದೋರು ಹಾಕ್ಕೊಂಡ್ರು, ಕಡಿಮೆ ಬಂದೋರು ಸುಮ್ನಿದ್ರು. ಅಲ್ಲಿ ಹಾಲಿಗೆ ಕಲಸೋ ಮೈಲೋ ಅನ್ನೋ ಚಾಕಲೇಟ್ ಪುಡಿಗೆ ನಾಲ್ಕೂವರೆ ಸ್ಟಾರ್ ಇತ್ತು. ಹೇಗೆ ಅಂದ್ರೆ ಆ ಅಂಕ ಬರೀ ಪುಡಿಗಲ್ಲ, ಕೆನೆ ತೆಗೆದ ಹಾಲಲ್ಲಿ ಕಲಸಿ ಕುಡಿದ್ರೆ ಅಂತ ಲೆಕ್ಕ ಹಾಕಿದ್ದು, ಅಂದ್ರೆ ಸ್ಟಾರ್ ಸಂಪಾದಿಸಿದ್ದು ಹಾಲು, ಹಾಕ್ಕೊಂಡಿದ್ದು ಡಬ್ಬಿ. ಟೀಕೆ ಜಾಸ್ತಿ ಆಗಿ 2018ರಲ್ಲಿ ಮೈಲೋ ಮಾಡೋ ನೆಸ್ಲೆ ಕಂಪನಿ ಆ ಸ್ಟಾರನ್ನ ತೆಗೀತು.

ಚಿಲಿಯ ಕಪ್ಪು ಅಷ್ಟಕೋನ

ಎಚ್ಚರಿಕೆ ಚಿಹ್ನೆ ಬೇಕು ಅನ್ನೋರು ತೋರಿಸೋದು ದಕ್ಷಿಣ ಅಮೆರಿಕಾದ ಚಿಲಿ ದೇಶವನ್ನ. ಅಲ್ಲಿ 2016ರ ಜೂನ್‌ನಿಂದ ಮಿತಿ ಮೀರಿದ ಪದಾರ್ಥದ ಪ್ಯಾಕೆಟ್ ಮುಂದೆ ಎಂಟು ಮೂಲೆಯ ಕಪ್ಪು ಗುರುತು, ಒಳಗೆ ಬಿಳಿ ಅಕ್ಷರದಲ್ಲಿ ಸಕ್ಕರೆ ಹೆಚ್ಚು ಅಂತ, ಅಥವಾ ಸೋಡಿಯಂ ಹೆಚ್ಚು, ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಕ್ಯಾಲೊರಿ ಹೆಚ್ಚು ಅಂತ. ನಾಲ್ಕೂ ಮೀರಿದ್ರೆ ನಾಲ್ಕು ಗುರುತು. ಮಿತಿನ ಮೂರು ಹಂತದಲ್ಲಿ ಬಿಗಿ ಮಾಡಿದ್ರು, 2019ರ ಕೊನೆ ಹಂತದಲ್ಲಿ 100 ಗ್ರಾಂ ಘನ ಪದಾರ್ಥಕ್ಕೆ ಸಕ್ಕರೆ 10 ಗ್ರಾಂ, ಸೋಡಿಯಂ 400 ಮಿಲಿಗ್ರಾಂ, ಸ್ಯಾಚುರೇಟೆಡ್ ಕೊಬ್ಬು 4 ಗ್ರಾಂ, 275 ಕ್ಯಾಲೊರಿ. ಕುಡಿಯೋದಕ್ಕೆ 100 ಮಿಲಿಗೆ ಸಕ್ಕರೆ 5 ಗ್ರಾಂ. ಮೇಲೆ ಹೇಳಿದ ಮಿಕ್ಸ್ಚರ್ರೂ ಕೋಲಾನೂ ಅಲ್ಲಿ ಮಿತಿಯ ಎರಡರಷ್ಟು.

ಗುರುತಷ್ಟೇ ಅಲ್ಲ. ಗುರುತು ಬಿದ್ದ ಪದಾರ್ಥನ ಶಾಲೆಯಲ್ಲಿ ಮಾರೋ ಹಾಗಿಲ್ಲ, ಮಕ್ಕಳನ್ನ ಸೆಳೆಯೋ ಕಾರ್ಟೂನ್ ಹಾಕೋ ಹಾಗಿಲ್ಲ. ಬೆಳಗಿನ ಸೀರಿಯಲ್ ಡಬ್ಬಿ ಮೇಲಿದ್ದ ಹುಲಿ ಅಲ್ಲಿ ಮಾಯ ಆಯ್ತು. ಮೊದಲ ಹಂತ ಆದ್ಮೇಲೆ ಸಂಶೋಧಕರು ನೋಡಿದಾಗ ಸಿಹಿ ಪಾನೀಯಗಳ ಖರೀದಿ ಸುಮಾರು ನೂರಕ್ಕೆ 24ರಷ್ಟು ಕಡಿಮೆ ಆಗಿತ್ತು. ಆದ್ರೆ ಗುರುತು, ಜಾಹೀರಾತು ನಿಷೇಧ, ಶಾಲೆ ನಿಷೇಧ ಮೂರೂ ಒಟ್ಟಿಗೇ ಬಂದಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ, ಬರೀ ಗುರುತು ಅಂಟಿಸಿ ಅದೇ ಫಲ ಬೇಕು ಅಂದ್ರೆ ಸಿಗಲಿಕ್ಕಿಲ್ಲ. ಪೆರು, ಮೆಕ್ಸಿಕೋ, ಅರ್ಜೆಂಟೀನಾ ಕೂಡ ಅದೇ ದಾರಿ ಹಿಡಿದ್ವು. ಬ್ರೆಜಿಲ್ ಭೂತಗನ್ನಡಿ ಚಿತ್ರ ಆರಿಸ್ಕೊಳ್ತು.

ಒಂದು ಅಡ್ಡ ಮಾತು. ಅಷ್ಟಕೋನ ಯಾಕೆ ಅಂದ್ರೆ ಅದು ರಸ್ತೆಯ ಸ್ಟಾಪ್ ಬೋರ್ಡಿನ ಆಕಾರ, ನೋಡಿದ ತಕ್ಷಣ ನಿಲ್ಲು ಅನ್ನಿಸ್ಬೇಕು ಅಂತ. ನಮ್ಮ ಸಂಚಾರ ನಿಯಮದಲ್ಲೂ ಸ್ಟಾಪ್ ಬೋರ್ಡ್ ಎಂಟು ಮೂಲೆದೇ, ಆದ್ರೆ ನಮ್ಮ ರಸ್ತೆಯಲ್ಲಿ ಅದನ್ನ ನೋಡಿ ಗಾಡಿ ನಿಲ್ಲಿಸಿದೋರು ಯಾರಾದ್ರೂ ಇದ್ರೆ ಕೈ ಎತ್ತಿ. ಚಿಲಿಯಲ್ಲಿ ಕೆಲಸ ಮಾಡಿದ ಆಕಾರ ಇಲ್ಲೂ ಅದೇ ಅರ್ಥ ಕೊಡುತ್ತೆ ಅಂತ ಗ್ಯಾರಂಟಿ ಇಲ್ಲ, ಇಲ್ಲಿನ ಜನರ ಮುಂದಿಟ್ಟು ಕೇಳಿಯೇ ಆರಿಸ್ಬೇಕು.

ಉಪ್ಪಿನಕಾಯಿ 100 ಗ್ರಾಂ ಯಾರು ತಿಂತಾರೆ

ಎಚ್ಚರಿಕೆ ಬೇಡ ಅನ್ನೋರ ವಾದದಲ್ಲಿ ಹುರುಳಿಲ್ಲ ಅಂತಲ್ಲ. 100 ಗ್ರಾಂ ಲೆಕ್ಕ ಹಿಡಿದ್ರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲಕ್ಕೂ ಸೋಡಿಯಂ ಗುರುತು ಬೀಳುತ್ತೆ. ಉಪ್ಪಿನಕಾಯಿ ಎಲೆ ತುದಿಗೆ ಒಂದು ಚೂರು ಹಾಕ್ಕೊಳ್ಳೋದು, ಚಿಪ್ಸ್ ಕೈ ತುಂಬ ತಿನ್ನೋದು, ಎರಡಕ್ಕೂ ಒಂದೇ ಗುರುತಾ? ಸ್ತ್ರೀಶಕ್ತಿ ಸಂಘದಲ್ಲಿ ಹಪ್ಪಳ ಮಾಡಿ ಮಾರೋರು ಪ್ರತಿ ಬ್ಯಾಚ್ ಲ್ಯಾಬಿಗೆ ಕಳಿಸೋಕಾಗುತ್ತಾ? ಎಲ್ಲದಕ್ಕೂ ಕಪ್ಪು ಗುರುತು ಬಿದ್ರೆ ಕೊನೆಗೆ ಯಾರೂ ಅದನ್ನ ನೋಡದಂಗೆ ಆಗಲ್ವಾ?

ಕೊನೆ ಪ್ರಶ್ನೆ ನಿಜಕ್ಕೂ ಗಟ್ಟಿಯಾದ್ದು. ಆದ್ರೆ ಇದಕ್ಕೆ ಪರಿಹಾರ ಎಚ್ಚರಿಕೆನೇ ಬೇಡ ಅನ್ನೋದಲ್ಲ, ಒಂದೊಂದು ಬಗೆಯ ಆಹಾರಕ್ಕೆ ಒಂದೊಂದು ಮಿತಿ ಇಡೋದು, ಚಟ್ನಿ ಉಪ್ಪಿನಕಾಯಿಗೆ ಬೇರೆ, ಕುರುಕಲು ತಿಂಡಿಗೆ ಬೇರೆ. ಸಣ್ಣ ತಯಾರಕರಿಗೆ ಹೆಚ್ಚು ಸಮಯ ಕೊಡೋದು. ಚಿಲಿಯಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೊರಗಿಂದ ಸೇರಿಸಿದ್ದಕ್ಕೆ ಮಾತ್ರ ಕಾನೂನು, ಬರೀ ಹಾಲು ಜೇನಿಗೆ ಗುರುತಿಲ್ಲ. ಹಪ್ಪಳದ ಅಜ್ಜಿನ ಮುಂದೆ ನಿಲ್ಲಿಸಿ ಹಿಂದೆ ದೊಡ್ಡ ಕಂಪನಿಗಳು ಬಚ್ಚಿಟ್ಕೊಳ್ಳೋದು ಹಳೇ ಆಟ.

ಸಿಗರೇಟ್ ಪ್ಯಾಕು ಕಲಿಸಿದ್ದು

ಎಚ್ಚರಿಕೆ ಚಿಹ್ನೆ ವಿಷಯದಲ್ಲಿ ನಾವು ಒಂದ್ಸಲ ಎಡವಿದ್ದೀವಿ. 2009ರಲ್ಲಿ ತಂಬಾಕಿಗೆ ಚಿತ್ರ ಎಚ್ಚರಿಕೆ ಬಂದಾಗ ಜಗಿಯೋ ತಂಬಾಕಿನ ಪೊಟ್ಟಣದ ಮೇಲೆ ಚೇಳಿನ ಚಿತ್ರ ಇತ್ತು. ಚೇಳಿಗೂ ಬಾಯಿ ಹುಣ್ಣಿಗೂ ಏನು ಸಂಬಂಧ ಅಂತ ನೋಡಿದೋರಿಗೆ ಹೊಳೆಯೋ ಹಾಗೇ ಇರ್ಲಿಲ್ಲ, ಅದು ಕಂಪನಿ ಗುರುತು ಅಂತಾನೂ ಅನ್ನಿಸ್ಬಹುದಿತ್ತು. ಮುಂದೆ ಅದನ್ನ ತೆಗೆದು ಕ್ಯಾನ್ಸರ್ ಬಾಯಿಯ ಫೋಟೋನೇ ಹಾಕಿದ್ರು. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇಕಡಾ 85 ಭಾಗ ಚಿತ್ರ. ಅದರ ಮೇಲಿನ ಕೇಸುಗಳೆಲ್ಲ ಕರ್ನಾಟಕ ಹೈಕೋರ್ಟಿಗೇ ಬಂದ್ವು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಗಾರರಿರೋ ರಾಜ್ಯ ಇದು, ಆಸಕ್ತಿ ಸಹಜ. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟು ಆ ನಿಯಮ ರದ್ದು ಮಾಡ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಡ್ತು, 85 ಉಳೀತು.

ತಿಂಡಿ ಪ್ಯಾಕೆಟ್ ನಿಯಮ ನಾಳೆ ಬಂದ್ರೂ ಇದೇ ದಾರಿ ಹಿಡಿಯೋ ಸಾಧ್ಯತೆ ಜಾಸ್ತಿ. ವ್ಯಾಪಾರದ ಹಕ್ಕು ಒಂದು ಕಡೆ, ಗ್ರಾಹಕನಿಗೆ ತಿಳಿಯೋ ಹಕ್ಕು ಇನ್ನೊಂದು ಕಡೆ, ಕೋರ್ಟಿಂದ ಕೋರ್ಟಿಗೆ ಓಡಾಟ. ನಿಯಮ ಬಂತು ಅಂದ ಮಾತ್ರಕ್ಕೆ ಮಾರನೇ ದಿನ ಅಂಗಡಿಯಲ್ಲಿ ಕಾಣುತ್ತೆ ಅಂದ್ಕೋಬೇಡಿ.

ಕನ್ನಡ ಮಾತ್ರ ಬಲ್ಲವರ ಪಾಡು

ಈ ಇಡೀ ಚರ್ಚೆಯಲ್ಲಿ ಕಡಿಮೆ ಮಾತಾಡಿರೋದು ಭಾಷೆ ಬಗ್ಗೆ. ಆಹಾರದ ಲೇಬಲ್ ನಿಯಮದ ಪ್ರಕಾರ ಕಡ್ಡಾಯ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರ್ಬೇಕು. ಬೇರೆ ಭಾಷೆ ಬೇಕಾದ್ರೆ ಜೊತೆಗೆ ಹಾಕ್ಬಹುದು, ಹಾಕ್ಲೇಬೇಕು ಅಂತಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ರಾಜ್ಯದಲ್ಲಿ ತಯಾರಾಗೋ ವಸ್ತುಗಳ ಹೆಸರು, ಬಳಸೋ ವಿಧಾನ ಕನ್ನಡದಲ್ಲಿರಲಿ ಅಂತ ಹೇಳುತ್ತೆ, ಆದ್ರೆ ಹೊರ ರಾಜ್ಯದಿಂದ ಬರೋ ಚಿಪ್ಸಿನ ಸೋಡಿಯಂ ಪಟ್ಟಿಗೆ ಅದು ಮುಟ್ಟಲ್ಲ. ಅಂದ್ರೆ ಕೊಪ್ಪಳದ್ದೋ ಚಾಮರಾಜನಗರದ್ದೋ ಒಂದು ಹಳ್ಳಿ ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳೋ ಹೆಂಗಸಿಗೆ, ಚೆನ್ನಾಗಿ ಕನ್ನಡ ಓದೋಕೆ ಬಂದ್ರೂ, ಪ್ಯಾಕೆಟ್ ಮೇಲೆ ಅರ್ಥ ಆಗೋದು ಬೆಲೆ, ಚಿತ್ರ ಮತ್ತು ಆ ಹಸಿರು ಚುಕ್ಕೆ ಅಷ್ಟೇ.

2024ರಲ್ಲಿ ಎಫ್‌ಎಸ್‌ಎಸ್‌ಎಐ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬಿನ ಅಂಕಿಗಳನ್ನ ದಪ್ಪಕ್ಷರದಲ್ಲಿ ದೊಡ್ಡದಾಗಿ ಹಾಕೋ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತ್ತು. ಇಂಗ್ಲಿಷ್ ಬರೋರಿಗೆ ಅದು ಸ್ವಲ್ಪ ಸಹಾಯ. ಬರದವರಿಗೆ ಅರ್ಥ ಆಗದ ಅಕ್ಷರ ದೊಡ್ಡದಾಯ್ತು ಅಷ್ಟೇ. ಅದಕ್ಕೇ ಚಿಹ್ನೆ ಬೇಕಾಗಿರೋದು, ಅದೂ ಚಿಲಿಯ ತರ ಒಳಗೆ ಬರೀ ಅಕ್ಷರ ಇರೋದಲ್ಲ, ಸಕ್ಕರೆಗೆ ಒಂದು ಚಿತ್ರ, ಉಪ್ಪಿಗೆ ಒಂದು, ಎಣ್ಣೆಗೆ ಒಂದು. ಹಸಿರು ಚುಕ್ಕೆ ಗೆದ್ದಿದ್ದು ಅದಕ್ಕೆ ಭಾಷೆ ಬೇಡದೇ ಇದ್ದಿದ್ದರಿಂದ.

ಮುಂದೆ ಏನಾಗಬಹುದು

ಸ್ಟಾರ್ ಬಂದ್ರೆ ಕಂಪನಿಗಳು ನಾರು, ಪ್ರೋಟೀನ್, ಸಿರಿಧಾನ್ಯ ಸೇರಿಸೋ ಪೈಪೋಟಿಗೆ ಬೀಳ್ತವೆ, ಜಾಹೀರಾತಲ್ಲಿ ಸ್ಟಾರ್ ಮೆರೆಯುತ್ತೆ, ಸಕ್ಕರೆ ಅಷ್ಟಾಗಿ ಇಳಿಯಲ್ಲ. ಎಚ್ಚರಿಕೆ ಬಂದ್ರೆ ಮಿತಿಗಿಂತ ಒಂದು ಕೂದಲೆಳೆ ಕೆಳಗೆ ಬರೋ ಪೈಪೋಟಿ ಶುರು, 10 ಗ್ರಾಂ ಮಿತಿ ಇದ್ರೆ 9.8 ಗ್ರಾಂ. ಅದೂ ಲಾಭವೇ ಅನ್ನಿ, 25 ಇದ್ದದ್ದು 9.8ಕ್ಕೆ ಇಳಿದ್ರೆ. ಅದಕ್ಕೇ ಅಧಿಸೂಚನೆ ಬಂದ ದಿನ ಚಿಹ್ನೆ ಚಿತ್ರ ನೋಡೋದಕ್ಕಿಂತ ಮಿತಿಯ ಅಂಕಿ ಎಷ್ಟು, ಕಡ್ಡಾಯ ಯಾವಾಗಿಂದ, ಲೆಕ್ಕ 100 ಗ್ರಾಂಗಾ ಅಥವಾ ಕಂಪನಿ ಹೇಳೋ ಒಂದು ಸರ್ವಿಂಗಿಗಾ (ಒಂದ್ಸಲ ತಿನ್ನೋ ಪ್ರಮಾಣ) ಅಂತ ನೋಡ್ಬೇಕು. ಸರ್ವಿಂಗ್ ಅಂದ್ರೆ ಮೂರು ಬಿಸ್ಕತ್ತು ಅಂತ ಬರೆದುಬಿಟ್ರೆ ಯಾವ ಮಿತಿನೂ ದಾಟಲ್ಲ.

ಪ್ಯಾಕೆಟ್ ಇಲ್ಲದ ತಿಂಡಿಗೆ ಇದ್ಯಾವುದೂ ಅನ್ವಯ ಆಗಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮಿನ್ ಬಿ ಅನ್ನೋ ಬಣ್ಣ ಹಾಕೋದನ್ನ ನಿಷೇಧ ಮಾಡಿದ್ದು ಲೇಬಲ್ ಮೂಲಕ ಅಲ್ಲ, ಸ್ಯಾಂಪಲ್ ಎತ್ತಿ ಲ್ಯಾಬಲ್ಲಿ ನೋಡಿ. ಬೀದಿ ತಿಂಡಿಗೆ ದಾರಿ ಅದೊಂದೇ.

ಇನ್ನೊಂದು ಪರಿಣಾಮ ಚಿಲಿಯಲ್ಲಿ ಆಗ್ಲೇ ಕಂಡಿದೆ. ಸಕ್ಕರೆ ಗುರುತು ತಪ್ಪಿಸ್ಕೊಳ್ಳೋಕೆ ಕಂಪನಿಗಳು ಕೃತಕ ಸಿಹಿ ಹಾಕೋಕೆ ಶುರು ಮಾಡಿದ್ವು, ಗುರುತು ಹೋಯ್ತು, ಮಕ್ಕಳ ಹೊಟ್ಟೆಗೆ ಸಿಹಿಕಾರಕ ಹೋಯ್ತು. ಮೆಕ್ಸಿಕೋ ಇದನ್ನ ನೋಡಿ ಕಲಿತು, ತನ್ನ ನಿಯಮದಲ್ಲಿ ಸಿಹಿಕಾರಕ ಇದ್ರೆ ಮಕ್ಕಳಿಗೆ ಬೇಡ ಅಂತ ಮುಂಭಾಗದಲ್ಲೇ ಬರೀಬೇಕು ಅಂತ ಸೇರಿಸ್ತು. ನಮ್ಮಲ್ಲೂ ಡಯಟ್ ಸೋಡಾ ತರದ್ದರ ಮೇಲೆ ಅಂಥ ಸಾಲು ಇದೆ, ಸಣ್ಣಕ್ಷರದಲ್ಲಿ. ಹೊಸ ನಿಯಮ ಬರೆಯೋರು ಅದನ್ನ ಮುಂದೆ ತರದೇ ಇದ್ರೆ, ಎಚ್ಚರಿಕೆ ಚಿಹ್ನೆ ಇಲ್ಲದ ಸಿಹಿ ಪಾನೀಯವನ್ನೇ ಅಪ್ಪ ಅಮ್ಮ ಇದು ಪರವಾಗಿಲ್ಲ ಅಂತ ಮಕ್ಕಳಿಗೆ ಕೊಡಿಸ್ತಾರೆ.